ಚಿಮಣಿಯಿಂದ ನಲವತ್ತು ಹೆಜ್ಜೆ

"ಮೂರನೇದೂ ಹೋಯ್ತು ನೋಡು," ಎನ್ನುತ್ತ ಮಾಲಿಯಣ್ಣ ಒಣಗಿದ ಗಿಡವನ್ನು ಬುಡಸಮೇತ ಕಿತ್ತ.

ಕಡ್ಡಿ ತುಟಿ ಕಚ್ಚಿಕೊಂಡಳು. ಮುಚ್ಚಿಹೋದ ಬಟ್ಟೆ ಮಿಲ್ಲಿನ ಜಾಗ ಪಾರ್ಕ್ ಆಗುತ್ತಿತ್ತು. ಅವಳ ಕ್ಲಾಸಿನ ಎಲ್ಲರಿಗೂ ಅಲ್ಲಿ ಒಂದೊಂದು ಗುಂಡಿ, ಒಂದೊಂದು ಗಿಡ. ಉಳಿದವರದ್ದೆಲ್ಲ ಚಿಗುರಿತ್ತು.

"ಕಡ್ಡಿ ನೆಟ್ಟದ್ದೆಲ್ಲ ಕಡ್ಡಿ," ಎಂದು ಹುಡುಗರು ಕಿಸಕ್ಕನೆ ನಕ್ಕರು. ತೆಳ್ಳಗಿದ್ದಾಳೆಂದು ಬಂದ ಹೆಸರು. ಈಗ ಅದಕ್ಕೊಂದು ಬಾಲವೂ ಸೇರಿತು.

"ಸೋಮವಾರ ಇಲ್ಲಿ ಸಿಮೆಂಟ್ ಬೆಂಚ್ ಹಾಕ್ತಾರಂತೆ. ನಾನೇನ್ಮಾಡ್ಲಿ ಮಗಾ?" ಎಂದ ಮಾಲಿಯಣ್ಣ.

ಮನೆಗೆ ಬಂದವಳೇ ಕಡ್ಡಿ ಬ್ಯಾಗ್ ಎಸೆದಳು. "ದಿನಾ ನೀರು ಹಾಕ್ದೆ ಅಜ್ಜಿ. ಗೊಬ್ಬರಾನೂ ಹಾಕ್ದೆ. ನನ್ ಕೈನೇ ಸರಿಯಿಲ್ಲ."

"ನಿನ್ನ ಗುಂಡಿ ಎಲ್ಲಿದೆ?"

"ಚಿಮಣಿ ಹಿಂದ್ಗಡೆ, ಗೋಡೆ ಹತ್ರ."

ಬಟ್ಟೆ ಮಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಆ ಮಿಲ್ಲಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವಳು ಅವಳು. ಮಿಲ್ಲು ಮುಚ್ಚಿದ ಮೇಲೆ ಆ ಗೇಟು ದಾಟಿರಲಿಲ್ಲ.

ಮರುದಿನ ಬೆಳಿಗ್ಗೆ ಕಡ್ಡಿಗಿಂತ ಮೊದಲೇ ಅಜ್ಜಿ ಚಪ್ಪಲಿ ಮೆಟ್ಟಿದಳು. "ನಡಿ, ನೋಡೇಬಿಡೋಣ."

ಚಿಮಣಿಯ ಬುಡದಲ್ಲಿ ನಿಂತು, ಎರಡು ಬಕೆಟ್ ಹಿಡಿದವಳ ಹಾಗೆ ತೋಳು ಇಳಿಬಿಟ್ಟು, ಹೆಜ್ಜೆ ಎಣಿಸುತ್ತ ನಡೆದಳು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ನಿಂತದ್ದು ಕಡ್ಡಿಯ ಗುಂಡಿಯ ಮುಂದೆ.

"ಮಿಕ್ಕ ಬಣ್ಣದ ನೀರನ್ನ ಇಲ್ಲೇ ಸುರೀತಿದ್ದೆ," ಎಂದಳು ಅಜ್ಜಿ. "ಹಬೆ ತುಂಬ್ಕೊಂಡು ದಾರೀನೇ ಕಾಣ್ತಿರ್ಲಿಲ್ಲ, ಎಣಿಸ್ಕೊಂಡೇ ಬರ್ತಿದ್ದೆ. ಸುರಿ ಅಂದ್ರು, ಸುರಿದೆ. ಮಣ್ಣಿಗೆ ಏನಾಗುತ್ತೆ ಅಂತ ಹೊಳೀಲೇ ಇಲ್ಲ. ನಿನ್ ಕೈ ಸರಿಯಾಗೇ ಇದೆ ಮಗಾ."

ಮಾಲಿಯಣ್ಣ ಮೊಣಕಾಲುದ್ದ ಅಗೆದ. ಒಳಗಿನ ಮಣ್ಣು ನೀಲಿಗಟ್ಟಿತ್ತು.

"ಇದು ನಮ್ ನಕ್ಷೆಯಲ್ಲಿ ಇರ್ಲೇ ಇಲ್ಲ," ಎಂದು ಅವನು ಬೆವರು ಒರೆಸಿಕೊಂಡ. "ಬಂದು ಹೇಳಿದ್ದು ದೊಡ್ಡ ಉಪಕಾರ ಆಯ್ತಮ್ಮಾ. ಈ ಮಣ್ಣೆಲ್ಲ ತೆಗೆಸಿ ಬೇರೆ ತುಂಬಿಸೋಣ. ಬೆಂಚ್ ಆ ಕಡೆ ಹಾಕ್ಕೊಳ್ಲಿ, ಇಂಜಿನಿಯರ್‌ಗೆ ನಾನೇ ಹೇಳ್ತೀನಿ."

ಎರಡು ವಾರದ ಮೇಲೆ ಹೊಸ ಮಣ್ಣಿನಲ್ಲಿ ನಾಲ್ಕನೇ ಗಿಡ ನಿಂತಿತು. ಕಡ್ಡಿಗೆ ಕುಣಿಯುವಷ್ಟು ಖುಷಿ. ಅಜ್ಜಿ ಮಾತ್ರ ದೂರದಲ್ಲೇ ನಿಂತಿದ್ದಳು. ಆ ಬಕೆಟ್‌ಗಳನ್ನು ಹೊತ್ತೇ ಅಜ್ಜಿ ಅಮ್ಮನನ್ನು ಓದಿಸಿದ್ದು. ಅಮ್ಮನೇ ಹೇಳಿದ್ದ ಆ ಮಾತು ಕಡ್ಡಿಗೆ ನೆನಪಾಯಿತು.

ನಲ್ಲಿಯಲ್ಲಿ ಬಕೆಟ್ ತುಂಬಿಸಿ ತಂದಳು. "ಮೊದಲ್ನೇ ನೀರು ನೀನೇ ಹಾಕಜ್ಜಿ."

"ನಾನಾ? ಬೇಡಮ್ಮ."

"ನೀನೇ ಹಾಕ್ಬೇಕು."

ಅಜ್ಜಿ ಹತ್ತಿರ ಬಂದಳು. ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು.

ಕಡ್ಡಿ ಬಕೆಟ್ಟಿನ ಇನ್ನೊಂದು ಬದಿ ಹಿಡಿದು, ಅಜ್ಜಿಯ ಜೊತೆ ಮೆಲ್ಲಗೆ ಬಗ್ಗಿಸಿದಳು.