ಫಿಲ್ಟರ್ ಬಿಚ್ಚಿದ ಭಾನುವಾರ

ಕರೆಯದೇ ಮನೆಗೆ ಬರುವ ಮೆಕ್ಯಾನಿಕ್ಕನನ್ನು ಶೋಭಿತಾ ಈವರೆಗೆ ಕಂಡಿರಲಿಲ್ಲ. ಕರೆದರೂ ನಾಳೆ, ನಾಡಿದ್ದು ಎನ್ನುವ ಜನ ಅವರು. ಈ ತೀರ್ಥಪ್ರಸಾದ್ ಮಾತ್ರ ತಾನಾಗಿ ಮೂರು ಸಲ ಫೋನ್ ಮಾಡಿ, "ನಿಮ್ಮ ಗಾಡಿಯ ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸ್ಬೇಕು ಮೇಡಂ. ಭಾನುವಾರ ಮನೆಗೇ ಬರ್ತೀನಿ" ಎಂದಿದ್ದ. ಎರಡು ವರ್ಷದ ಹಿಂದೆ ಪೇಟೆಯ ಗ್ಯಾರೇಜಿನಲ್ಲಿ ಅವಳ ಕಾರನ್ನು ಸರ್ವಿಸ್ ಮಾಡಿದ್ದವನು ಅವನೇ. ಈಗ ಆ ಗ್ಯಾರೇಜ್ ಬಿಟ್ಟಿದ್ದಾನಂತೆ. ಯಾಕೆ ಎಂದು ಕೇಳಿದರೆ ಮಾತು ಹಾರಿಸುತ್ತಾನೆ. ಇದರಲ್ಲೇನೋ ಮಸಲತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆದರೂ ಬರಬೇಡ ಎನ್ನಲು ಬಾಯಿ ಬರಲಿಲ್ಲ. ಬೈಕೊಂದು ಗುದ್ದಿ ಅಪಘಾತವಾದಾಗಿನಿಂದ ಅವಳ ಎಡಮಂಡಿ ಮಡಚುವುದಿಲ್ಲ. ಕ್ಲಚ್ ಇಲ್ಲದ ಈ ಹಳೆಯ ಆಟೋಮ್ಯಾಟಿಕ್ ಕಾರೊಂದೇ ಅವಳಿಂದ ಓಡಿಸಲಾಗುವುದು. ಕುಟ್ಟ ಊರಿನವರೆಗಿನ ಕಾಫಿ ಎಸ್ಟೇಟುಗಳ ಕಾರ್ಮಿಕರ ಲೈನುಮನೆಗಳಲ್ಲಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ನರ್ಸ್ ಅವಳು. ಹೋದ ತಿಂಗಳು ತಿತಿಮತಿಯ ಕಾಡುರಸ್ತೆಯಲ್ಲಿ ಗಾಡಿ ಗೇರ್ ಹಿಡಿಯದೆ ನಿಂತುಬಿಟ್ಟಿತ್ತು. ಆನೆ ದಾಟುವ ಜಾಗ, ಓಡಲಾಗದ ಕಾಲು. ಇನ್ನೊಮ್ಮೆ ಹಾಗಾದರೆ ಆ ಕೆಲಸವೇ ಬೇಡ ಎಂದು ಅಮ್ಮ ಸರ್ವಮಂಗಳ ಹಟ ಹಿಡಿದಿದ್ದಳು.

ಬೆಳಿಗ್ಗೆ ಒಂಬತ್ತಕ್ಕೆಲ್ಲ ಅವನು ಹಾಜರು. ಕಾಫಿ ಕಣದಲ್ಲಿ ಒಣಗುತ್ತಿದ್ದ ಹಣ್ಣನ್ನು ಒಂದು ಬದಿಗೆ ಎಳೆಸಿ, ನೆಲದ ಮಟ್ಟ ನೋಡಲು ಗಾರೆಯವರು ಬಳಸುವ, ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಆಚೀಚೆ ಓಡಾಡತೊಡಗಿದ.

"ಆಯಿಲ್ ಬದಲಾಯಿಸೋಕೆ ಬಂದ್ರೋ, ಮನೆ ಕಟ್ಟೋಕೆ ಬಂದ್ರೋ?" ಶೋಭಿತಾ ಕೇಳಿದಳು.

"ಗಾಡಿ ಸಮ ನಿಲ್ದಿದ್ರೆ ಆಯಿಲ್ ಮಟ್ಟ ಸುಳ್ಳು ಹೇಳುತ್ತೆ ಮೇಡಂ."

"ನಮ್ಮ ಕಣ ಸಮ ಇದೆ."

"ಮಳೆನೀರು ನಿಲ್ಬಾರ್ದು ಅಂತ ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟೇ ಕಟ್ಟಿರ್ತಾರೆ. ಕಣ್ಣಿಗೆ ಕಾಣಲ್ಲ ಅಷ್ಟೇ." ತಗ್ಗಿನ ಬದಿಯ ಚಕ್ರಗಳು ನಿಲ್ಲುವಲ್ಲಿ ಹಲಗೆ ಹಾಸಿ, ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಕೆಳಗೆ ನುಸುಳಿದ.

ಅವಳು ಮೊಬೈಲ್ ಹಿಡಿದು ವಿಡಿಯೋ ಶುರು ಮಾಡಿದಳು.

"ಮುಖ ಬರ್ತಿದ್ಯಾ?" ಕೆಳಗಿನಿಂದ ಪ್ರಶ್ನೆ ಬಂತು.

"ಕೈ ಮಾತ್ರ. ನಂಗೆ ಅನುಮಾನ ಇರೋದು ಅದರ ಮೇಲೇ."

ಅವನು ತಲೆ ಹೊರಗೆ ಚಾಚಿ ನಕ್ಕ. ಹುಬ್ಬಿಗೆ ಎಣ್ಣೆ ಮೆತ್ತಿತ್ತು, ಕಣ್ಣು ಒಂದು ಗಳಿಗೆ ಅವಳ ಮೇಲೇ ನಿಂತಿತು. ಆ ನಗು ಅವಳಿಗೆ ಹಿಡಿಸಿತು. ಹಿಡಿಸಿದ್ದಕ್ಕೇ ಸಿಟ್ಟೂ ಬಂತು. ಮೋಸ ಮಾಡುವವರೆಲ್ಲ ನೋಡಲು ಹೀಗೇ ಇರುತ್ತಾರೆ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು.

"ಏನಪ್ಪಾ, ಕಾಫಿ ಕುಡ್ದು ಕೆಲ್ಸ ಮಾಡು" ಎಂದು ಸರ್ವಮಂಗಳ ಲೋಟ ತಂದಳು. "ಇವ್ಳು ಹಂಗೇ ಕಣಪ್ಪಾ, ನಾನು ಹಾಲಿಗೆ ನೀರು ಹಾಕಿದ್ರೂ ವಿಡಿಯೋ ಮಾಡ್ತಾಳೆ."

ಹಳೆಯ ಆಯಿಲ್ ಕಪ್ಪಗೆ ಸುರಿಯಿತು. ಎಷ್ಟು ಇಳಿಯಿತೋ ಅಷ್ಟೇ ಹೊಸದು ಹಾಕಬೇಕೆಂದು ಅವನು ಅದನ್ನು ಬಾಟಲಿಗಳಲ್ಲಿ ಅಳೆದಿಟ್ಟ. ಗೇರ್‌ಬಾಕ್ಸಿನ ತಳದ ಪ್ಯಾನ್ ಬಿಚ್ಚಿ ಫಿಲ್ಟರ್ ಹೊರಗೆಳೆದವನು ಅದನ್ನೊಮ್ಮೆ ನೋಡಿ, ಸರಕ್ಕನೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ತುರುಕಿದ.

ಸಿಕ್ಕಿಬಿದ್ದ! ಅವಳು ಮೊಬೈಲನ್ನು ಬ್ಯಾಗಿನತ್ತ ತಿರುಗಿಸಿದಳು.

"ಅದೇನು ಬಚ್ಚಿಟ್ಟಿದ್ದು? ತೆಗೀರಿ."

"ಹೊಸದು ಹಾಕ್ಬಿಡ್ತೀನಿ. ಆಮೇಲೆ..."

"ಈಗಲೇ."

ಅವನು ಹೊರಗೆ ಬಂದು ಕಣದ ಮೇಲೇ ಕುಳಿತ. ಬಟ್ಟೆ ಬಿಚ್ಚಿದ. ಫಿಲ್ಟರ್ ತುಂಬ ಬೂದು ಬಣ್ಣದ ಕೆಸರು ಕಟ್ಟಿತ್ತು.

"ಇದು ಕಾರಿನ ಜೊತೆಗೇ ಬಂದಿದ್ದು. ಬದಲಾಗೇ ಇಲ್ಲ. ಹೀಗೆ ಕಟ್ಕೊಂಡ್ರೆ ಗೇರ್ ಹಿಡಿಯಲ್ಲ" ಎಂದ.

"ಎರಡು ವರ್ಷದ ಹಿಂದೆ ಬದಲಾಯಿಸಿದ್ರಲ್ಲ! ಬಾನೆಟ್ ಒಳಗೆ ಸ್ಟಿಕ್ಕರ್ ಇದೆ."

"ಅವತ್ತು ಫಿಲ್ಟರ್ ಸ್ಟಾಕ್ ಇರ್ಲಿಲ್ಲ. ಆಯಿಲ್ ಮಾತ್ರ ಹಾಕಿ ಕಳಿಸು ಅಂದ್ರು ಓನರು. ಬದಲಾಗಿದೆ ಅಂತ ಬರ್ದು ಅಂಟಿಸಿದ್ದು ನಾನೇ."

ಶೋಭಿತಾಳಿಗೆ ತಿತಿಮತಿಯ ಆ ಸಂಜೆ ನೆನಪಾಯಿತು. ಬಿದಿರು ಮುರಿಯುವ ಸದ್ದಿಗೆ ಕಾರಿನೊಳಗೆ ಉಸಿರು ಬಿಗಿಹಿಡಿದು ಕುಳಿತಿದ್ದಳು. ವಿಡಿಯೋ ನಿಲ್ಲಿಸಿದಳು.

"ನಾನು ಸತ್ತೇ ಹೋಗ್ತಿದ್ದೆ, ಗೊತ್ತಾ?"

"ಗೊತ್ತು. ಆ ಸುದ್ದಿ ಕಿವಿಗೆ ಬಿದ್ದ ದಿನವೇ ಗ್ಯಾರೇಜ್ ಬಿಟ್ಟೆ."

"ಮತ್ತೆ ಫೋನಲ್ಲೇ ಹೇಳ್ಬಹುದಿತ್ತಲ್ಲ? ಈಗ್ಲೂ ಬಚ್ಚಿಟ್ರಿ!"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ಗಾಡಿ ಮುಟ್ಟೋಕೇ ಬಿಡ್ತಿರ್ಲಿಲ್ಲ ನೀವು. ಮುಗಿಸಿ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ನಗಿಸಿದ್ರಿ. ಇನ್ನೊಂದು ಗಂಟೆ ಹೀಗೇ ಇರ್ಲಿ ಅನ್ನೋ ಆಸೆ ಆಯ್ತು. ಅವತ್ತು ಸರ್ವಿಸಿಗೆ ಬಂದಾಗಲೇ ನೀವು ಮನಸ್ಸಲ್ಲಿ ಕೂತಿದ್ರಿ ಮೇಡಂ. ಇಷ್ಟಪಟ್ಟವಳಿಗೇ ಮೋಸ ಮಾಡಿದೆ. ನಿದ್ದೆ ಹತ್ತಲ್ಲ."

ಅವಳು ಆ ಕೊಳಕು ಫಿಲ್ಟರನ್ನು ಕೈಗೆತ್ತಿಕೊಂಡು ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಆದರೆ ತನಗೆ ಅನ್ಯಾಯ ಮಾಡಿದವರಲ್ಲಿ ತಪ್ಪೊಪ್ಪಿಕೊಂಡ ಒಬ್ಬನೇ ಒಬ್ಬ ಮನುಷ್ಯ ಎದುರಿಗೆ ಕುಳಿತಿದ್ದ. ಅವಳ ಕಾಲು ಮುರಿದ ಬೈಕಿನವನಂತೂ ತಿರುಗಿಯೂ ನೋಡದೆ ಹೋಗಿದ್ದ.

"ಹೊಸದು ಹಾಕಿ" ಎಂದಳು ಕೊನೆಗೆ. "ನಾನು ನೋಡ್ತಾ ಇರ್ತೀನಿ."

ಅವನು ಫಿಲ್ಟರ್ ಕೂರಿಸಿದ, ಪ್ಯಾನ್ ಬಿಗಿದ, ಗಾಡಿಯನ್ನು ಹಲಗೆಗಳ ಮೇಲೆ ಇಳಿಸಿ, ಅಳೆದಷ್ಟೇ ಕೆಂಪು ಆಯಿಲ್ ಸುರಿದ. ಅವಳು ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಹಿಡಿದು ಒಂದೊಂದೇ ಗೇರ್ ಬದಲಾಯಿಸಿದಳು. ಒಂದು ಜರ್ಕ್ ಕೂಡ ಇಲ್ಲ. ಇಂಜಿನ್ ಬಿಸಿಯಾದ ಮೇಲೆ ಅವನು ಆಯಿಲ್ ಅಳೆಯುವ ಕಡ್ಡಿ ಅದ್ದಿ, ಒರೆಸಿ, ಮತ್ತೆ ಅದ್ದಿ, ಮಟ್ಟವನ್ನು ಅವಳಿಗೇ ತೋರಿಸಿದ. ಆಮೇಲೆ ಸದ್ದಿಲ್ಲದೆ ಬ್ಯಾಗ್ ಹೆಗಲಿಗೇರಿಸಿದ.

"ಎಲ್ಲಿಗೆ?" ಎಂದಳು ಅವಳು.

"ಕೆಲಸ ಮುಗೀತಲ್ಲ..."

"ತಿತಿಮತಿ ರಸ್ತೇಲಿ ಓಡಿಸಿ ನೋಡ್ದೆ ಹೇಗೆ ಮುಗಿಯುತ್ತೆ? ಹತ್ತಿ."

"ನನ್ನ ನಂಬ್ತೀರಾ?"

"ಇಲ್ಲ. ಅದಕ್ಕೇ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿರೋದು. ಗಾಡಿ ನಿಂತ್ರೆ ನನ್ನ ಎತ್ಕೊಂಡು ಓಡೋರು ಬೇಕಲ್ಲ?"

ಅವನು ಹತ್ತಿ ಕುಳಿತ. ಕಿವಿಯವರೆಗೂ ಕೆಂಪಾಗಿದ್ದ.

"ನಿಲ್ಲಲ್ಲ ಮೇಡಂ, ಆಣೆ."

"ಮೇಡಂ ಅಲ್ಲ, ಶೋಭಿತಾ" ಎಂದಳು. "ಇವತ್ತು ನಿಲ್ದಿದ್ರೆ ಮುಂದಿನ ಭಾನುವಾರ ಕುಟ್ಟಕ್ಕೆ ಹೋಗೋಣ. ಅನುಮಾನ ಅಷ್ಟು ಬೇಗ ಹೋಗಲ್ಲ ನಂದು."