ಬಾವಿಕಟ್ಟೆಯ ಸ್ವಿಚ್ಚು

ನೀಲಕ್ಕನ ಶವ ಇನ್ನೂ ಬಾವಿಕಟ್ಟೆಯ ಮೇಲೆಯೇ ಇತ್ತು. ಬಲಗೈ ಬೆರಳುಗಳು ಸುಟ್ಟು ಕಪ್ಪಾಗಿದ್ದವು. ತಾಮ್ರದ ಕೊಡ ಪಕ್ಕದಲ್ಲಿ ಉರುಳಿ ಬಿದ್ದಿತ್ತು.

ಮಲಕಪ್ಪ ಒಮ್ಮೆ ನೋಡಿ ಮುಖ ತಿರುಗಿಸಿದ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ವೈರ್‌ಮನ್ ಆಗಿದ್ದ ಅವನನ್ನು ಪೊಲೀಸರು ಕೆಲಸದ ಮೇಲಿದ್ದಾಗಲೇ ಹಳಿಯಾಳಕ್ಕೆ ಕರೆತಂದಿದ್ದರು. ಈ ಮನೆಯ ವೈರಿಂಗ್ ಅವನದೇ. ಎರಡೇ ದೀಪಗಳಿದ್ದ ಮನೆಗೆ ಹೊಸ ಮೇನ್ ಬೋರ್ಡು, ಹೊಸ ಫ್ಯೂಜು, ಬಾವಿಗೆ ಪಂಪು ಎಲ್ಲ ಕೂರಿಸಿ ಸೋಮವಾರ ಮುಗಿಸಿ ಹೋಗಿದ್ದ. ಇಂದು ಶುಕ್ರವಾರ.

"ಇವನಽ ಕೊಂದಾನ್ರೀ!" ನೀಲಕ್ಕನ ಗಂಡ ಉಳವಪ್ಪ ನೆಲ ಬಡಿದು ಅಳುತ್ತಿದ್ದ.

ಫೌಜದಾರ ಬಸಲಿಂಗಯ್ಯ ಮೇನ್ ಆರಿಸಲು ಹೇಳಿ, ಬಾವಿ ಪಕ್ಕದ ಗೋಡೆಯ ಮೇಲಿನ ಪಂಪಿನ ಕಬ್ಬಿಣದ ಸ್ವಿಚ್ ಪೆಟ್ಟಿಗೆ ತೋರಿಸಿದರು. ಒಳಗೆ ಕರೆಂಟಿನ ತಂತಿಯೊಂದರ ಹೊದಿಕೆ ಸುಲಿದು ಕಬ್ಬಿಣಕ್ಕೆ ತಾಗಿತ್ತು. ಕೆಳಗೆ ಅರ್ಥ್ ತಂತಿ ಜೋತುಬಿದ್ದಿತ್ತು.

"ಇದನ್ಯಾಕ ಕಟ್ಟಿಲ್ಲ?"

"ಕಟ್ಟೇನ್ರೀ ಸಾಹೇಬ್ರ! ಪೆಟಿಗಿಗೆ ಕರೆಂಟ್ ತಾಗಿದ್ರ ಈ ತಂತ್ಯಾಗ ಹಾದು ಭೂಮಿಗೆ ಇಳೀತೈತಿ, ಫ್ಯೂಜ್ ಹಾರತೈತಿ. ಇದನ್ನ ಹೆಂಗ ಮರೀಲಿ?"

ಹಾಗೆಂದನೇ ಹೊರತು ಅವನಿಗೇ ಖಾತ್ರಿ ಇರಲಿಲ್ಲ. ಸೋಮವಾರ ಕಡೆಯ ಬಸ್ಸು ಹಿಡಿಯುವ ಅವಸರವಿತ್ತು. ನಿಜಕ್ಕೂ ಕಟ್ಟಿದ್ದೆನೇ? ಅಥವಾ—

"ಅರ್ಥ್ ತಂತಿ ಕಟ್ಟೂ ಆ ನಟ್ಟು ಬಿಚ್ಚು," ಎಂದರು ಬಸಲಿಂಗಯ್ಯ.

ಬೆರಳಿಗೆ ಅದು ಜಗ್ಗಲಿಲ್ಲ. "ಪಾನಾ ಇಲ್ಲದ ಬರಂಗಿಲ್ರಿ."

ಫೌಜದಾರರು ತಂತಿಯ ತುದಿಯನ್ನು ಬೆಳಕಿಗೆ ಹಿಡಿದರು. ಬಳೆಯಂತೆ ಬಾಗಿ, ಚಪ್ಪಟೆಯಾಗಿ ಹೊಳೆಯುತ್ತಿತ್ತು. ಆಮೇಲೆ ಉಳವಪ್ಪನ ಅಣ್ಣ, ಮನೆಯ ಹಿರಿಯ ಅಂದಾನೆಪ್ಪನತ್ತ ತಿರುಗಿದರು.

"ದಿನಾ ಪಂಪ್ ಹಚ್ಚವ್ರು ಯಾರ್ರೀ?"

"ನಾನಽ ರೀ. ಪೂಜಿಗೆ ಮೊದಲ ಜಳಕ. ಇವತ್ತ ಜ್ವರ ಬಂದು ಏಳಾಕ ಆಗ್ಲಿಲ್ಲ. ನೀಲವ್ವ ತಾನಽ ಹೋದ್ಲು..."

"ನಿನ್ನೆ ಮನ್ಯಾಗ ಯಾರಿದ್ರು?"

ಅಂದಾನೆಪ್ಪನ ಹೆಂಡತಿ ಶಿವಗಂಗವ್ವ ಕಣ್ಣೊರೆಸಿಕೊಂಡಳು. "ನಾವಿಬ್ರು ಧಾರವಾಡಕ್ಕ ಹೋಗಿ ರಾತ್ರಿ ಬಂದ್ವಿ. ನಮಗ ಮಕ್ಕಳಿಲ್ಲ. ನಮ್ಮಣ್ಣನ ಮಗನ್ನ ದತ್ತಕ ತಗೊಳ್ಳೂ ಮಾತಿತ್ತು. ಮನ್ಯಾಗ ಮೈದುನ, ನೀಲವ್ವ ಇಬ್ಬರಽ."

"ಮುಂಜಾನೆ ಏನು ಕೇಳಿಸ್ತು? ಅನುಕ್ರಮ ಹೇಳ್ರಿ."

"ನಾ ಅಡಗಿ ಮನ್ಯಾಗಿದ್ದೆ. ಮೈದುನ ಪಡಸಾಲ್ಯಾಗಿಂದ 'ನೀಲಾ, ಮುಟ್ಟಬ್ಯಾಡ!' ಅಂತ ಒದರಿದ್ರು. ಆಮ್ಯಾಲೆ ಕೊಡ ಬಿದ್ದ ಸಪ್ಪಳ. ಓಡಿ ಬಂದ್ರ..."

"ಕೊಡ ಬೀಳೂಕಿಂತ ಮೊದಲಽ ಕೂಗು?"

"ಹೌದ್ರಿ, ಕೂಗಽ ಮೊದಲ."

ಉಳವಪ್ಪನ ಅಳು ಥಟ್ಟನೆ ನಿಂತಿತು.

"ಮಲಕಪ್ಪಾ," ಎಂದರು ಬಸಲಿಂಗಯ್ಯ, "ತಂತಿ ತಾನಽ ಕಳಚಿ ಬಿದ್ದಿದ್ರ ನಟ್ಟು ಸಡ್ಲ ಇರತಿತ್ತು. ನೀ ಕಟ್ಟದಽ ಬಿಟ್ಟಿದ್ರ ತಂತಿ ತುದಿ ನಟ್ಟಿನಡಿ ಸಿಕ್ಕು ಹಿಂಗ ಚಪ್ಪಟಿ ಆಗತಿರಲಿಲ್ಲ. ಯಾರೋ ಕರೆಂಟ್ ತಂತಿ ಸುಲಿದು ಪೆಟಿಗಿಗೆ ತಾಗಿಸಿ, ನಟ್ಟು ಬಿಚ್ಚಿ, ಅರ್ಥ್ ತಂತಿ ತಗದು, ಖಾಲಿ ನಟ್ಟನ್ನ ಮತ್ತ ಬಿಗಿದಾರ. ತಪ್ಪು ನಿನ್ನ ತಲಿಮ್ಯಾಲೆ ಬರ್ಲಿ ಅಂತ."

"ಯಾರ್ರೀ?" ಅಂದಾನೆಪ್ಪ ಕೇಳಿದ.

"ಆ ಕೂಗು ಎಲ್ಲಾರೂ ಕೇಳ್ಯಾರ. ಮುಟ್ಟಿದ ಮ್ಯಾಲೆ ಒದರಿದಾ ಅಂತ ತಿಳಕೊಂಡಾರ. ಮುಟ್ಟೂಕಿಂತ ಮೊದಲಽ ಒದರಬೇಕಂದ್ರ, ಆ ಪೆಟಿಗ್ಯಾಗ ಸಾವು ಕುಂತೈತಿ ಅಂತ ಗೊತ್ತಿರಬೇಕು. ನಿನಗ ಹೆಂಗ ಗೊತ್ತಿತ್ತು, ಉಳವಪ್ಪಾ?"



"ಅಣ್ಣ ಹೋಗಬೇಕಿತ್ತು," ಉಳವಪ್ಪ ನೆಲ ನೋಡುತ್ತಲೇ ಹೇಳಿದ. "ಈ ಮನಿ, ಹೊಲ ಎಲ್ಲಾ ಯಾವನೋ ದತ್ತಕದವನ ಪಾಲಾಗೂದು ನೋಡಾಕ ಆಗ್ಲಿಲ್ಲ. ದಿನಾ ಅಣ್ಣನಽ ಹೋಗ್ತಿದ್ದ... ಇವತ್ತ ಆಕಿ ಯಾಕ ಹೋದ್ಲು?"

ಶಿವಗಂಗವ್ವ ನೀಲಕ್ಕನ ಮುಖದ ಮೇಲೆ ಸೆರಗೆಳೆದು ಮುಚ್ಚಿದಳು.

ಮಲಕಪ್ಪನಿಗೆ ಹೋಗಲು ಅಪ್ಪಣೆಯಾಯಿತು. ಹೊಸ್ತಿಲವರೆಗೆ ಬಂದವನು ಅಲ್ಲೇ ಕುಳಿತ. ತಾನು ಉಳಿದೆನೆಂಬ ಸಮಾಧಾನ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೆಲಸ ನಡೆದಿದ್ದ ಮೂರು ದಿನವೂ ನೀಲಕ್ಕ ಅವನಿಗೆ ಬಿಸಿ ರೊಟ್ಟಿ ಬಡಿಸಿದ್ದಳು.

ಪೊಲೀಸರು ಉಳವಪ್ಪನನ್ನು ಮಲಕಪ್ಪನ ಪಕ್ಕದಿಂದಲೇ ಕರೆದೊಯ್ದರು. ಬೀದಿಗಿಳಿದ ಮೇಲೆ ಉಳವಪ್ಪ "ಅಣ್ಣಾ" ಎಂದು ಎರಡು ಸಲ ಕರೆದ. ಒಳಗೆ ಅಂದಾನೆಪ್ಪ ಎದ್ದು, ಬಾಗಿಲು ಮುಚ್ಚಿಕೊಂಡ.