ಅಜ್ಜನ ಬ್ಯಾಂಡ್, ಬುಗುರಿಯ ಬಡಿತ

"ಬೇಗ ಕಟ್ಕೊಳ್ಳೇ, ಬೇಗ!"

ಮೆಟ್ಟಿಲ ಮೇಲೆ ಕುಸಿದು ಕುಳಿತ ಅಜ್ಜ ತನ್ನ ಮಣಿಕಟ್ಟಿನ ಕಪ್ಪು ಬ್ಯಾಂಡನ್ನು ಬಿಚ್ಚಿ ಮೊಮ್ಮಗಳ ಕಡೆ ಚಾಚಿದ. ಇನ್ನೊಂದು ಕೈ ಎದೆಯ ಮೇಲಿತ್ತು. ಬುಗುರಿ ಅದನ್ನು ಕೊನೆಯ ತೂತಿಗೆ ಸಿಕ್ಕಿಸಿ ಕಟ್ಟಿಕೊಂಡು ಅಂಗಳಕ್ಕೆ ಹಾರಿದಳು.

ಬುಗುರಿ ಅವಳ ನಿಜವಾದ ಹೆಸರಲ್ಲ. ಆದರೆ ಅವಳು ಒಂದು ಕಡೆ ನಿಂತದ್ದನ್ನು ಹುಟ್ಟಿದಾಗಿನಿಂದ ಯಾರೂ ಕಂಡಿಲ್ಲ. ಅವಳು ಸ್ಕಿಪ್ಪಿಂಗ್ ಆಡಿದರೆ ಆಚೆ ಬೀದಿಯ ಅಡುಗೆಮನೆಗಳಲ್ಲಿ ಪಾತ್ರೆ ಉರುಳುತ್ತಿದ್ದವು. ಓಡಿದರೆ ಅವಳ ನೆರಳೇ ಏದುಸಿರು ಬಿಡುತ್ತಾ ಹಿಂದೆ ಬೀಳುತ್ತಿತ್ತು. ನಂಬದಿದ್ದರೆ ಆ ನೆರಳನ್ನೇ ಕೇಳಿ.

ಅಜ್ಜನೂ ಕಮ್ಮಿಯವನಲ್ಲ. ಅವನು ಬಸ್ ಓಡಿಸುತ್ತಿದ್ದ ಕಾಲದಲ್ಲಿ ಒಮ್ಮೆ ಹಾರ್ನ್ ಒತ್ತಿದರೆ ಮೋಡಗಳೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವಂತೆ. ಅಂಥ ಅಜ್ಜನಿಗೆ ಈಗ ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ.

ಬ್ಯಾಂಡ್ ಮಾಡಿದವಳು ಚಿಕ್ಕಮ್ಮ. ಅವಳು ಯೂನಿವರ್ಸಿಟಿಯ ಲ್ಯಾಬಿನಲ್ಲಿ ಸೆನ್ಸರ್‌ಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬ್ಯಾಂಡಿನೊಳಗೆ ಅಕ್ಕಿಕಾಳಿನಷ್ಟು ಹಸಿರು ದೀಪವಿತ್ತು. ಅದು ಚರ್ಮದೊಳಗೆ ಇಣುಕಿ, ರಕ್ತ ಹರಿಯುವುದನ್ನು ನೋಡಿ, ಎದೆಬಡಿತದ ಸುದ್ದಿಯನ್ನು ಚಿಕ್ಕಮ್ಮನ ಕಂಪ್ಯೂಟರಿಗೆ ಮುಟ್ಟಿಸುತ್ತಿತ್ತು. ಅವಳಿಂದ ಡಾಕ್ಟರಿಗೆ.

"ಬಡಿತ ತಪ್ಪಿದ್ದು ಗೊತ್ತಾದ್ರೆ ಆಸ್ಪತ್ರೆಗೆ ಹಾಕ್ತಾರೆ ಕಣೇ," ಎಂದಿದ್ದ ಅಜ್ಜ. "ನಿಮ್ಮಜ್ಜಿ ಹೋದೋಳು ವಾಪಸ್ ಬಂದ್ಲಾ?"

ಅಜ್ಜಿ ವಾಪಸ್ ಬಂದಿರಲಿಲ್ಲ. ಹಾಗಾಗಿ ಅಜ್ಜನ ಎದೆ ಎಡವಿದಾಗಲೆಲ್ಲ ಬ್ಯಾಂಡ್ ಅವಳ ಕೈಗೆ ಬರುತ್ತಿತ್ತು. ಅಜ್ಜನನ್ನು ಕಾಪಾಡುತ್ತಿರುವುದು ತಾನೇ ಎಂದು ಅವಳು ಮನೆಯ ಮಾಡಿನಷ್ಟೆತ್ತರ ಉಬ್ಬಿದ್ದಳು.

ಶನಿವಾರ ಚಿಕ್ಕಮ್ಮ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಯಾವನೋ ದೈತ್ಯ ತಲೆ ಬಾಚಿಕೊಂಡು ಕೂದಲು ಬಿಟ್ಟುಹೋದ ಹಾಗೆ ಮೇಜಿನ ತುಂಬ ವೈರುಗಳು. ಅವುಗಳ ನಡುವೆ ಒಂದು ರಬ್ಬರ್ ಕೈ. ಅದಕ್ಕೂ ಒಂದು ಬ್ಯಾಂಡ್.

"ಬಾರೇ, ನಿಮ್ಮಜ್ಜನ ಎದೆ ತೋರಿಸ್ತೀನಿ."

ಪರದೆಯ ಮೇಲೆ ಒಂದು ಗೆರೆ ಕುಂಟುತ್ತಾ ಎಡವುತ್ತಾ ಸಾಗಿತ್ತು. ನಡುವೆ ಸಣ್ಣದೊಂದು ಖಾಲಿ. ಆಮೇಲೆ ಸಾಲು ಹಿಡಿದು ನಿಂತ ಬೆಟ್ಟಗಳ ಹಾಗೆ ಒಂದೇ ಸಮ.

"ಇಲ್ಲಿ ಬ್ಯಾಂಡ್ ಸಡಿಲ ಆಗಿರ್ಬೇಕು. ಆಮೇಲೆ ಬಡಿತ ಜೋರಿದೆ, ಮೆಟ್ಟಿಲು ಹತ್ತಿರ್ಬೇಕು. ಆದ್ರೆ ನೋಡು, ಪ್ರತಿ ಸಲ ಎಡವಿದ ಮೇಲೂ ತಾನಾಗೇ ಸರಿಹೋಗ್ತಿದೆ!" ಚಿಕ್ಕಮ್ಮನ ಮುಖ ಅರಳಿತ್ತು. "ಮಾತ್ರೆ ಚೆನ್ನಾಗಿ ಹಿಡಿಸಿದೆ. ಇದು ಹೀಗೇ ಇದ್ರೆ ಮಾತ್ರೆ ಅರ್ಧ ಮಾಡೋಣ ಅಂದಿದ್ದಾರೆ ಡಾಕ್ಟರ್. ಈಗಲೇ ಕಳಿಸ್ತೀನಿ."

ಬುಗುರಿ ಆ ಖಾಲಿ ಜಾಗವನ್ನೇ ನೋಡಿದಳು. ಅಲ್ಲಿ ಅಜ್ಜ ಮೆಟ್ಟಿಲ ಮೇಲಿದ್ದ. ಹಣೆಯ ಮೇಲೆ ಬೆವರಿತ್ತು. ಆಚೆ ಕಡೆಯ ಬೆಟ್ಟಗಳೆಲ್ಲ ಅವಳ ಸ್ಕಿಪ್ಪಿಂಗು. ಅಜ್ಜ ತುಂಬ ನರಳಿದ ಹೊತ್ತಿನಲ್ಲೇ ಗೆರೆ ತುಂಬ ಚೆಂದವಾಗಿತ್ತು.

ಮಾತಿಗೆ ಕೂತರೆ ಚಂದ್ರನಿಗೂ ಆಕಳಿಕೆ ತರಿಸುವ ಹುಡುಗಿ ಆ ಖಾಲಿಯ ಮೇಲೆ ಬೆರಳಿಟ್ಟು ಎರಡೇ ಮಾತು ಹೇಳಿದಳು.

"ಚಿಕ್ಕಮ್ಮ, ಕಳಿಸ್ಬೇಡ. ಇಲ್ಲಿಂದಾಚೆ ಇರೋದು ಅಜ್ಜ ಅಲ್ಲ."

"ಮತ್ತೆ?"

"ನಾನು."

"ಹೋಗೇ ತರಲೆ! ಮೊನ್ನೆ ನಿನ್ನ ಟೀಚರ್‌ನ ಹದ್ದೊಂದು ಎತ್ಕೊಂಡು ಹೋಯ್ತು ಅಂದೋಳಲ್ವಾ ನೀನು?"

ಬುಗುರಿ ರಬ್ಬರ್ ಕೈಯಿಂದ ಬ್ಯಾಂಡ್ ಬಿಚ್ಚಿದಳು. ನೋಡದೆಯೇ ಕೊನೆಯ ತೂತಿಗೆ ಸಿಕ್ಕಿಸಿಕೊಂಡಳು. ಎಷ್ಟೋ ಸಲ ಮಾಡಿದ ಕೆಲಸ. ನಿಂತಲ್ಲೇ ಕುಪ್ಪಳಿಸತೊಡಗಿದಳು. ಪಕ್ಕದ ಪರದೆಯಲ್ಲಿ ಬೆಟ್ಟಗಳು ಒಂದೊಂದಾಗಿ ಎದ್ದವು. ಅವೇ ಬೆಟ್ಟಗಳು.

ಚಿಕ್ಕಮ್ಮನ ನಗು ನಿಂತಿತು. ಬೈಯಲಿಲ್ಲ. ಬುಗುರಿಯ ಕೈ ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದಳು. "ಮಾತ್ರೆ ಕಮ್ಮಿ ಮಾಡೋದು ಬೇಡ. ನಾಳೆ ಬೆಳಿಗ್ಗೆಯೇ ಕರ್ಕೊಂಡು ಬನ್ನಿ," ಎಂದರು ಅವರು.

ಮನೆಯಲ್ಲಿ ಅಜ್ಜ ಎಲ್ಲ ಕೇಳಿಸಿಕೊಂಡ. "ನಿನ್ನನ್ನ ನಂಬಿದ್ದೆ," ಎಂದಷ್ಟೇ ಹೇಳಿ ಬುಗುರಿಗೆ ಬೆನ್ನು ತಿರುಗಿಸಿದ.

ಸಂಜೆ ಅಜ್ಜ ಮತ್ತೆ ಮೆಟ್ಟಿಲ ನಡುವೆ ಕುಳಿತುಬಿಟ್ಟ. ಕೈ ಅಭ್ಯಾಸಬಲದಿಂದ ಬ್ಯಾಂಡಿನ ಕೊಂಡಿಗೆ ಹೋಯಿತು. ಕಣ್ಣು ಬುಗುರಿಯ ಕಡೆ ಹೋಯಿತು.

ಅವಳು ಬಂದು ಪಕ್ಕದಲ್ಲಿ ಕುಳಿತಳು. ಅಜ್ಜನ ಬೆರಳುಗಳನ್ನು ಮೆಲ್ಲಗೆ ಸರಿಸಿ, ತನ್ನ ಅಂಗೈಯಿಂದ ಬ್ಯಾಂಡನ್ನು ಮುಚ್ಚಿದಳು.

"ಬಿಚ್ಬೇಡ ಅಜ್ಜ. ಚಿಕ್ಕಮ್ಮ ಕಂಪ್ಯೂಟರಲ್ಲಿ ನೋಡ್ತಿದ್ದಾಳೆ." ಅಜ್ಜನಿಗೆ ಇನ್ನಷ್ಟು ಒತ್ತಿ ಕುಳಿತಳು. "ನಾಳೆ ನಾನೂ ಬರ್ತೀನಿ."

"ಆಸ್ಪತ್ರೆಲೂ ಕುಣೀತೀಯೇನೇ?"

"ಇಲ್ಲ. ನೀನು ವಾಪಸ್ ಬರೋವರೆಗೂ ಕೂತಿರ್ತೀನಿ."

ಅಜ್ಜ ಕೈ ಎಳೆದುಕೊಳ್ಳಲಿಲ್ಲ.

ಅವಳ ಬೆರಳ ತುದಿಗೆ ಅಜ್ಜನ ನಾಡಿ ತಾಗುತ್ತಿತ್ತು. ಒಂದು ಬಡಿತ. ಎರಡು ಒಟ್ಟಿಗೆ. ಆಮೇಲೆ ಏನೂ ಇಲ್ಲ. ಮತ್ತೆ ಒಂದು. ಬೆಟ್ಟಗಳ ಹಾಗಿರಲಿಲ್ಲ, ಚೆಂದವೂ ಇರಲಿಲ್ಲ. ಅಜ್ಜನದೇ ಆಗಿತ್ತು.

ಬುಗುರಿ ಕದಲದೆ ಕುಳಿತಿದ್ದಳು.